ಸಹಿ ಹಾಕದ ಸಾಕ್ಷಿ

“ನಾ ಸಹಿ ಹಾಕೂದಿಲ್ಲ!”

ದತ್ತಾ ಪೆನ್ನು ಕೆಳಗಿಟ್ಟುಬಿಟ್ಟ. ಜಾನಕಿ ಅದನ್ನು ಮತ್ತೆ ಅವನತ್ತ ಸರಿಸಿದಳು.

ಕಾರವಾರದ ಉಪವಿಭಾಗಾಧಿಕಾರಿಗಳ ಕಚೇರಿ. ಹದಿನಾಲ್ಕು ವರ್ಷ ಕಲ್ಲುಕ್ವಾರಿಯಲ್ಲಿ ಜೀತಕ್ಕಿದ್ದ ಅವಳಿಗೆ ಬಿಡುಗಡೆಯಾಗಿ ವಾರವಾಗಿತ್ತಷ್ಟೇ. ಹೆತ್ತವರು ಅಲ್ಲೇ ತೀರಿಕೊಂಡಿದ್ದರು. ಕ್ವಾರಿಯ ಧಣಿ ಆಳುಗಳೆಲ್ಲರ ಊರನ್ನೂ ಮಹಾರಾಷ್ಟ್ರವೆಂದೇ ಬರೆಸಿದ್ದ. ಇವತ್ತು ನಾಲ್ಕಕ್ಕೆ ಎಲ್ಲರನ್ನೂ ಬಸ್ಸಿನಲ್ಲಿ ಅಲ್ಲಿಗೆ ಕಳಿಸುವವರಿದ್ದರು.

‘ನಾನು ಅಂಕೋಲೆ ಕಡೆಯ ಹಾರವಾಡದವಳು, ಇಲ್ಲೇ ಇರಲು ಬಿಡಿ’ ಎಂದು ಜಾನಕಿ ಅರ್ಜಿ ಕೊಟ್ಟಿದ್ದಳು. ಊರಿನ ಇಬ್ಬರ ಸಾಕ್ಷಿ ಬೇಕಿತ್ತು. ಶಾಲೆಯ ತುಳಸಿದಾಸ ಮಾಸ್ತರು ಸಹಿ ಹಾಕಿ ಹೋಗಿದ್ದರು. ಇನ್ನೊಬ್ಬ ಈ ದತ್ತಾ, ಅವಳ ಜೊತೆ ಓದಿದವ. ಮೀನಿನ ಟೆಂಪೋ ಓಡಿಸುತ್ತ ಕ್ವಾರಿಯ ಸುದ್ದಿಯನ್ನು ಅಧಿಕಾರಿಗಳಿಗೆ ಮುಟ್ಟಿಸಿದವನೂ ಅವನೇ!

“ಎಂತಕೆ ದತ್ತಾ?”

“ಫಾರಂ ಈಗ ಓದ್ದೆ. ನನ್ನ ಕೈಲಾಗೂದಿಲ್ಲ. ಇಲ್ಲೇ ಕೂತಿರು!”

ಅಂದವನೇ ಓಡಿದ. ಟೆಂಪೋದ ಸದ್ದು ದೂರವಾಯಿತು.

‘ಜೀತದವಳ ಜೊತೆ ತನ್ನ ಹೆಸರು ಯಾಕೆ ಅಂದ್ಕೊಂಡನೇನೋ...’

ಮೂರೂವರೆಗೆ ಬಸ್ಸು ಬಂದು ನಿಂತಿತು. ಜಾನಕಿ ಗಂಟು ಕಟ್ಟಿಕೊಂಡಳು.

ಅಷ್ಟರಲ್ಲಿ ಅಂಗಳದಲ್ಲಿ ಗಲಾಟೆ!

“ನಿಧಾನ ಇಳ್ಸೋ ಮಾರಾಯಾ, ನಾ ಬಂಗಡೆ ಬುಟ್ಟಿ ಅಲ್ಲ!”

ಹಾರವಾಡದ ಮುದಿ ಸೂಲಗಿತ್ತಿ ಭಾಗೀರಥಿಯಮ್ಮ ದತ್ತಾನ ಕೈ ಹಿಡಿದು ಒಳಗೆ ಬಂದಳು.

“ಸಾಹೇಬ್ರೇ, ಇವ್ಳನ್ನ ಭೂಮಿಗೆ ಇಳ್ಸಿದ್ದು ಈ ಕೈ! ಹಾರವಾಡದಲ್ಲಿ ಹುಟ್ಟಿದವ್ಳು ಮಹಾರಾಷ್ಟ್ರದವ್ಳು ಹೆಂಗಾದ್ಲು?”

ಹೆಬ್ಬೆಟ್ಟು ಬಿತ್ತು. ಅಧಿಕಾರಿ ಆದೇಶಕ್ಕೆ ಸಹಿ ಹಾಕಿದರು.

“ನೀವು ಇಲ್ಲೇ ಇರಬಹುದಮ್ಮ.”

ಜಾನಕಿ ಅಧಿಕಾರಿಗೆ ಕೈ ಮುಗಿದು ಗಂಟು ಎತ್ತಿಕೊಂಡಳು. ಮೆಟ್ಟಿಲ ಮೇಲೆ ಅವಳು ದತ್ತಾನನ್ನು ತಡೆದಳು.

“ನಿಂದೇ ಸಹಿ ಸಾಕಾಗ್ತಿತ್ತಲ್ಲ! ನಾ ಸತ್ತೇ ಹೋಗಿದ್ದೆ...”

“ಸಾಕ್ಷಿ ಹಾಕೂವವ ನಿನ್ನ ಸಂಬಂಧಿಕ ಆಗಿರ್ಬಾರ್ದು ಅಂತ ಬರ್ದಿತ್ತು. ನಾಳೆ ನಮ್ಮ ಮದ್ವೆ ಆದ್ರೆ, ಸಾಕ್ಷಿ ಸುಳ್ಳು ಅಂತ ಆರ್ಡರ್ ರದ್ದು ಮಾಡಿದ್ರೆ?”

“ಮದ್ವೆಯಾ! ನನ್ನ ಯಾವಾಗ ಕೇಳಿದ್ದೆ?”

“ಆರ್ಡರ್ ಬರ್ಲಿ ಅಂತ ಕಾದೆ.” ಅವನು ತಲೆ ತಗ್ಗಿಸಿದ. “ಈಗ ನೀ ಬೇಡ ಅಂದ್ರೂ ನಿನ್ನ ಯಾರೂ ಇಲ್ಲಿಂದ ಕಳ್ಸೂದಿಲ್ಲ. ಅದ್ಕೇ ಈಗ ಕೇಳ್ತಾ ಇದ್ದೇನೆ... ಆಗ್ತೀಯಾ?”

ಹದಿನಾಲ್ಕು ವರ್ಷ ಎಲ್ಲರೂ ಅವಳಿಗೆ ‘ಹೀಗೆ ಮಾಡು’ ಎಂದು ಹೇಳಿದವರೇ. ಕೇಳಿ ಉತ್ತರಕ್ಕೆ ಕಾದು ನಿಂತವನು ಇವನೊಬ್ಬನೇ.

“ಹೂಂ ಅನ್ನೇ, ನಂಗೆ ಹಸ್ವಾಗ್ತದೆ!” ಟೆಂಪೋದಿಂದ ಭಾಗೀರಥಿಯಮ್ಮ ಕೂಗಿದಳು.

ಜಾನಕಿ ಕಣ್ಣೊರೆಸಿಕೊಂಡು ನಕ್ಕಳು.

“ಹೂಂ.”

“ಎಂತ ಅಂದೆ?”

“ಇನ್ನೊಮ್ಮೆ ಹೇಳೂದಿಲ್ಲ. ನಡಿ, ಊರಿಗೆ ಹೋಗ್ವಾ.”