ಸೊಳ್ಳೆಯ ಐವತ್ತನೆಯ ಬಾಟಲಿ

ಇಪ್ಪತ್ತು ವರ್ಷ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೂತು ಊರವರ ತೋಳಿಗೆ ಸೂಜಿ ಚುಚ್ಚಿದವನಿಗೆ ಸೊಳ್ಳೆ ಎಂದು ಹೆಸರು ಬಿದ್ದದ್ದರಲ್ಲಿ ತಪ್ಪೇನಿಲ್ಲ. ಆದರೆ ಈ ಸೊಳ್ಳೆ ಹೀರುವುದರ ಜೊತೆಗೆ ಕೊಡುತ್ತಲೂ ಇತ್ತು. ನಲವತ್ತೊಂಬತ್ತು ಸಲ ಸ್ವಂತ ರಕ್ತ ಕೊಟ್ಟಿದ್ದ. ಐವತ್ತಾದರೆ ಪದಕ. "ನಮ್ಮ ಭಾವ ರಕ್ತ ಬೇಕಾದ್ರೆ ಕೊಡ್ತಾರೆ, ಕಾಫಿ ಮಾತ್ರ ಕೊಡಿಸಲ್ಲ" ಎಂದು ನೆಂಟರೆದುರು ನಗುವ ಹೆಂಡತಿಯ ತಮ್ಮನಿಗೆ ಆ ಪದಕವೇ ಉತ್ತರವಾಗಬೇಕಿತ್ತು. ಗೋಡೆಗೆ ಮೊಳೆಯನ್ನೂ ಹೊಡೆದಾಗಿತ್ತು.

ಶಿಬಿರದಲ್ಲಿ ಐವತ್ತನೆಯ ಬಾಟಲಿ ಕೊಟ್ಟ ಮರುದಿನ ಬೆಳಿಗ್ಗೆ, ಅಲ್ಲಿಯ ರಕ್ತವನ್ನೆಲ್ಲ ಅವನೇ ಹೆಪಟೈಟಿಸ್ ಬಿ ಪರೀಕ್ಷೆಗೆ ಹಾಕಿದ. ಪರೀಕ್ಷೆಯ ತಟ್ಟೆಯ ಗುಳಿಗಳೆಲ್ಲ ನೀರಿನಂತೆ ತಿಳಿಯಾಗಿದ್ದವು. ಒಂದು ಮಾತ್ರ ಹಳದಿ; ಹಳದಿ ಎಂದರೆ ಸೋಂಕು. ಹತ್ತೊಂಬತ್ತನೆಯ ನಂಬರು. ಅವನದೇ.

ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಯಾರದೋ ರಕ್ತದ ಸೂಜಿ ಬೆರಳಿಗೆ ಚುಚ್ಚಿದ್ದನ್ನು ಅವನು ಬಾಯಿಬಿಟ್ಟಿರಲಿಲ್ಲ. ಬಿಟ್ಟಿದ್ದರೆ ರಕ್ತ ಕೊಡದಂತೆ ತಡೆಯುತ್ತಿದ್ದರು, ಐವತ್ತನೆಯ ಬಾಟಲಿ ಒಂದು ವರ್ಷ ಮುಂದೆ ಹೋಗುತ್ತಿತ್ತು. ಲಸಿಕೆ ಹಾಕಿಸ್ಕೊಳ್ಳಿ ಎಂದು ಊರಿಗೆಲ್ಲ ಹೇಳಿದವನು ತಾನು ಹಾಕಿಸಿಕೊಂಡಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಯಂತ್ರ ಆಗಲೇ ಒಂದು ಹಳದಿ ಎಂದು ಎಣಿಸಿತ್ತು. ಅದು ಯಾರದಾದರೂ ಆಗಲೇಬೇಕು. ಯಾರದೆಂದು ಹೇಳುವ ಪಟ್ಟಿ ಮಾತ್ರ ಇವನ ಕೈಬರಹದ್ದು.

ಇಪ್ಪತ್ತನೆಯವನು ಜಿಮ್ ಮಾಸ್ತರ. ತೊಲೆಯಂಥ ತೋಳು, ಕನ್ನಡಿಯಂಥ ಮುಖ. "ಹುಷಾರು ಸೊಳ್ಳೆ ಮಾಮ, ಸೂಜಿ ಮುರಿದುಹೋದೀತು" ಎಂದು ನಿನ್ನೆ ಸಾಲಿಗೆಲ್ಲ ಕೇಳುವಂತೆ ಹೇಳಿ ನಗಿಸಿದ್ದ. ನಕ್ಕವರೆಲ್ಲ ನಕ್ಕ ಮೇಲೆ ಸೊಳ್ಳೆ ಮೈಕು ಹಿಡಿದು ವಾಡಿಕೆಯ ಭಾಷಣ ಮಾಡಿದ್ದ: "ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಈ ಹೆಪಟೈಟಿಸ್ ಸೋಂಕು ಇರಬಹುದು. ಮುಖ ನೋಡಿದ್ರೆ ಗೊತ್ತಾಗಲ್ಲ."

ಉಪಾಯ ಸಲೀಸಾಗಿತ್ತು. ಪಟ್ಟಿಯಲ್ಲಿ ಎರಡು ನಂಬರು ಅದಲುಬದಲು. ರಕ್ತನಿಧಿಯ ಡಾಕ್ಟರಮ್ಮ ಅದೇ ಟ್ಯೂಬಿನಿಂದ ಇನ್ನೊಮ್ಮೆ ನೋಡುತ್ತಾರಾದ್ದರಿಂದ ಟ್ಯೂಬಿನ ಸ್ಟಿಕ್ಕರುಗಳೂ ಅದಲುಬದಲು. ಮಾಸ್ತರನನ್ನು ಕರೆಸಿ ಹೊಸದಾಗಿ ರಕ್ತ ತೆಗೆಯುತ್ತಾರೆ, ಏನೂ ಇರುವುದಿಲ್ಲ, ಮೊದಲಿನದು ಸುಳ್ಳು ಹಳದಿ ಎಂದು ಕೈಬಿಡುತ್ತಾರೆ. ಹಾಗಾದದ್ದನ್ನು ಅವನೇ ಎಷ್ಟೋ ಸಲ ಕಂಡಿದ್ದ. ಇನ್ನು ತನ್ನ ರಕ್ತದ ಚೀಲ. ಸೊಳ್ಳೆ ಕಳ್ಳನಾಗಬಲ್ಲ, ಕೊಲೆಗಾರನಾಗಲಾರ. ಚೀಲಕ್ಕೊಂದು ತೂತು ಕೊರೆದು, "ಸೋರಿಕೆ" ಎಂದು ಬರೆದು, ಸುಡುವ ಡಬ್ಬಿಗೆ ಹಾಕಿದ. ಪದಕ ಬಂದ ಮೇಲೆ ಬೇರೆ ಊರಿನಲ್ಲಿ ಗುಟ್ಟಾಗಿ ಔಷಧಿ ಮಾಡಿಸಿಕೊಂಡರಾಯಿತು. ಯಾರಿಗೂ ನಷ್ಟವಿಲ್ಲ.

ಸ್ಟಿಕ್ಕರುಗಳನ್ನು ಉಗುರಿನಿಂದ ಕಿತ್ತು ಅದಲುಬದಲು ಅಂಟಿಸಿದ.

ಮಧ್ಯಾಹ್ನ ಮಾಸ್ತರ ಬಂದ. ಹೆಂಡತಿ ಅವನ ಮೊಣಕೈ ಹಿಡಿದಿದ್ದಳು. ಜೋಕು ಇರಲಿಲ್ಲ.

"ಮಾಮ, ಮಗಳು ನನ್ನ ತಟ್ಟೇಲೇ ಉಣ್ತಾಳೆ. ಅವಳಿಗೇನೂ ಆಗಲ್ವಾ?"

"ತಟ್ಟೆಯಿಂದ ಬರಲ್ಲ ಬಿಡಪ್ಪ." ಸೊಳ್ಳೆ ತೋಳನ್ನೇ ನೋಡುತ್ತ ಸೂಜಿ ಇಳಿಸಿದ. ಬೆವರಿನಲ್ಲಿ ನೆಂದ ಆ ತೋಳು ತೊಲೆಯಂತಿರಲಿಲ್ಲ. "ಒಂದೊಂದ್ಸಲ ಯಂತ್ರ ಸುಳ್ಳು ಹೇಳತ್ತೆ."

ಸುಳ್ಳು ಹೇಳಿದ್ದು ಯಾರೆಂದು ಅವನಿಗೆ ಗೊತ್ತಿತ್ತು. ಊಟದ ಡಬ್ಬಿ ಹಾಗೇ ಉಳಿಯಿತು.

ಸಂಜೆಗೆ ಹೊಸ ರಕ್ತದಲ್ಲಿ ಬಿ ಒಂದನ್ನೇ ನೋಡಿದರು. ತಿಳಿನೀರು. ಮಾಸ್ತರ ಸೊಳ್ಳೆಯನ್ನು ನೆಲದಿಂದೆತ್ತಿ ಅಪ್ಪಿಕೊಂಡ. "ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಮಾಮ." ಅವನು ಮೆಟ್ಟಿಲಿಳಿದ ಮೇಲೆ ಸೊಳ್ಳೆ ಊಟದ ಡಬ್ಬಿಯ ಮುಚ್ಚಳ ತೆಗೆದ.

ಆಗ ಡಾಕ್ಟರಮ್ಮ ಇನ್ನೊಂದು ತಟ್ಟೆ ಹಿಡಿದು ಬಂದರು. ಶಿಬಿರದ ರಕ್ತಕ್ಕೆ ಮಾಡಬೇಕಿದ್ದ ಹೆಪಟೈಟಿಸ್ ಸಿ ಪರೀಕ್ಷೆಯ ಕಿಟ್ಟು ಉಗ್ರಾಣದಿಂದ ಬಂದದ್ದೇ ಮಧ್ಯಾಹ್ನ. ಆ ಪರೀಕ್ಷೆ ಬಾಕಿ ಇರುವುದು ಸೊಳ್ಳೆಗೆ ಗೊತ್ತಿಲ್ಲದ್ದಲ್ಲ; ಮಾಸ್ತರನಂಥ ಮುಖದವನಿಗೆ ಅದಿದ್ದೀತೆಂದು ಮಾತ್ರ ಹೊಳೆದಿರಲಿಲ್ಲ. "ಇದರಲ್ಲೂ ಒಂದು ಹಳದಿ ಕಣಯ್ಯ. ಹತ್ತೊಂಬತ್ತು. ನಿಂದೇ" ಎಂದು ಅವರು ಕುರ್ಚಿ ಎಳೆದು ಕೂರಿಸಿದರು. "ಪದಕ ಹೋದ್ರೆ ಹೋಗಲಿ. ಈ ಸಿ ಕಾಯಿಲೆಗೆ ಮಾತ್ರೆ ಇದೆ, ಕೆಲವು ತಿಂಗಳಲ್ಲಿ ವಾಸಿಯಾಗತ್ತೆ. ಗೊತ್ತಾಗದೆ ಉಳಿದ್ರೆ ಮಾತ್ರ ಸದ್ದಿಲ್ಲದೆ ಲಿವರ್ ತಿಂದುಹಾಕತ್ತೆ." ಕಿಟಕಿಯಾಚೆ, ಹತ್ತೊಂಬತ್ತರ ಸ್ಟಿಕ್ಕರಿನಡಿಯ ರಕ್ತದ ಒಡೆಯ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಸಿಳ್ಳೆ ಹಾಕುತ್ತ ಗೇಟಿನ ಕಡೆ ಹೊರಟಿದ್ದ. ಅವನನ್ನು ಕೂಗಿ ನಿಲ್ಲಿಸಬಲ್ಲವನು ಆ ಊರಲ್ಲಿ ಒಬ್ಬನೇ ಇದ್ದ.