ಕೌದಿಯ ಕೊನೆಯ ಮೂಲೆ

ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯನ್ನು ತೂಗಿದೆ. ಮುಚ್ಚಿದ ಮೇಲೆ ಮತ್ತೊಮ್ಮೆ ತೂಗಿದೆ. ಮೂಲೆಗೆ ಹಚ್ಚಿದ ತೇಪೆಯನ್ನೂ ದಾರವನ್ನೂ ಕಳೆದರೂ ಒಂಬತ್ತು ಗ್ರಾಂ ಹೆಚ್ಚಿತ್ತು. ಮರುದಿನದ ಕೌದಿಯಲ್ಲಿ ಹನ್ನೊಂದು, ಅದರ ಮರುದಿನ ಎಂಟು.

ತಪ್ಪು ತಕ್ಕಡಿಯದಲ್ಲ; ಅದನ್ನು ಸರಿಹೊಂದಿಸಿದವನು ನಾನೇ. ಹಾಗಾದರೆ ತಪ್ಪು ಉಮಾಶ್ರೀಯದು.

ಪಟಾನ್‌ಚೆರುವಿನ ತರಬೇತಿ ಕೇಂದ್ರದಲ್ಲಿ ಆಕೆ ಕೌದಿ ಹೊಲಿಯುವುದನ್ನು ಕಲಿಸುತ್ತಿದ್ದಳು. ಕಲಿಯುವವರು ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಇಪ್ಪತ್ತೆರಡು ಹೆಂಗಸರು. ರಸಾಯನಶಾಸ್ತ್ರದ ಪದವೀಧರನಾದ ನಾನು ಅಲ್ಲಿಯ ಗುಣಮಟ್ಟ ಪರೀಕ್ಷಕ. ಶಂಶಾಬಾದಿನ ಹೋಟೆಲೊಂದು ನಲವತ್ತು ಕೌದಿ ಕೇಳಿತ್ತು. ಅವು ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಕೇಂದ್ರಕ್ಕೆ ಬೀಗ. ಹೆಂಗಸರು ಮತ್ತೆ ಇಟ್ಟಿಗೆ ಹೊರಬೇಕು.

ಕೊನೆಯ ಮೂಲೆಯನ್ನು ಮಾತ್ರ ಅವರು ಒಳಕೋಣೆಯಲ್ಲಿ ಹೊಲಿಯುತ್ತಿದ್ದರು. ನಾನು ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತಿತ್ತು, ಉಮಾಶ್ರೀಯ ಸೂಜಿಯೂ ನಿಲ್ಲುತ್ತಿತ್ತು. ಆಕೆ ತಲೆ ಎತ್ತುತ್ತಿರಲಿಲ್ಲ, ಕಣ್ಣನ್ನಷ್ಟೇ ಎತ್ತುತ್ತಿದ್ದಳು. ಆ ನೋಟದಲ್ಲಿ ಏನೋ ಬಚ್ಚಿಟ್ಟ ನಗು ಇರುತ್ತಿತ್ತು. ಬಚ್ಚಿಟ್ಟದ್ದು ನಗುವನ್ನು ಮಾತ್ರವಲ್ಲವೆಂದು ನಾನು ಲೆಕ್ಕ ಹಾಕಿದೆ. ಬಹುಶಃ ತನ್ನ ವಿಳಾಸ ಬರೆದ ರಟ್ಟು. ನಾಳೆ ಗಿರಾಕಿಗಳು ಕೇಂದ್ರವನ್ನು ಬಿಟ್ಟು ನೇರವಾಗಿ ಆಕೆಯ ಬಳಿಗೇ ಹೋಗಬಹುದು.

"ಕೊನೆಯ ಮೂಲೆ ನನ್ನೆದುರಿಗೆ ಹೊಲಿಯಬೇಕು" ಎಂದೆ.

"ಯಾಕ್ರಿ ಸರ, ಬಂಗಾರ ತುಂಬಾಕತ್ತೀವಿ ಅನಸ್ತೈತೇನು?"

"ಏನು ತುಂಬುತ್ತೀರೋ ಗೊತ್ತಿಲ್ಲ. ಅದಕ್ಕೇ ಹೇಳಿದೆ."

"ನೀವು ಮೊಬೈಲ್ ಮುಂದ ಹಿಡಕೊಂಡು ನಮ್ಮ ಹೊಲಿಗಿ ಫೋಟೋ ತೆಗೀತೀರಲ್ಲ, ಅದು ಯಾರಿಗೆ ಹೋಗ್ತೈತಿ? ನಮ್ಮ ಹೊಲಿಗಿ ನಕಲು ಮಾಡೋ ಮಷಿನ್ನಿನವರಿಗೇನು? ಇಷ್ಟು ದಿನ ನಾನೂ ಕೇಳಿಲ್ಲ."

ಕೋಣೆಯ ಮೂಲೆಯಲ್ಲಿ ಕುಳಿತಿದ್ದ, ಎಲ್ಲರಿಗಿಂತ ಹಿರಿಯಳಾದ ಸಾಬಮ್ಮ ದಾರ ಪೋಣಿಸುತ್ತಲೇ ಹೇಳಿದಳು: "ಅರೇ, ಇಬ್ಬರೂ ಪೊಲೀಸರೇ. ಕಳ್ಳ ಯಾರಂತ ನಾವು ಹುಡುಕಬೇಕು."

ಹೆಂಗಸರೆಲ್ಲ ನಕ್ಕರು. ಉಮಾಶ್ರೀ ನಗಲಿಲ್ಲ. ನಾನೂ ನಗಲಿಲ್ಲ.

ನಲವತ್ತೊಂದು ಕೌದಿಗಳು ಸಿದ್ಧವಾದವು, ಒಂದು ಹೆಚ್ಚುವರಿ; ಕೊನೆಯ ಮೂಲೆಗಳನ್ನು ಅವರು ಒಳಕೋಣೆಯಲ್ಲೇ ಮುಚ್ಚಿದ್ದರು. ಹೋಟೆಲಿನವರು ಬರಲು ಐದು ದಿನವಿತ್ತು. ಊಟದ ಹೊತ್ತಿನಲ್ಲಿ ಒಂದನ್ನು ಮೇಜಿನ ಮೇಲೆ ಹಾಸಿ, ಬ್ಲೇಡಿನಿಂದ ಮೂಲೆಯ ತೇಪೆಯನ್ನು ಸೀಳಿದೆ.

ಒಳಗೆ ರಟ್ಟು ಇರಲಿಲ್ಲ. ಬಟ್ಟೆಯ ಚೂರಿನಲ್ಲಿ ಸುತ್ತಿದ ಒಣ ಜೋಳದ ರೊಟ್ಟಿಯ ತುಣುಕಿತ್ತು.

"ಹೊಟ್ಟಿ ಕೊಯ್ದ್ರಲ್ರಿ!"

ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಡಬ್ಬಿಯನ್ನು ನೆಲಕ್ಕಿಟ್ಟು ಬಂದು, ಸೀಳಿದ ಅಂಚನ್ನು ಎರಡು ಬೆರಳಲ್ಲಿ ಕೂಡಿಸಿ ಹಿಡಿದಳು, ಗಾಯವನ್ನು ಹಿಡಿದಂತೆ.

"ಇದು ರೊಟ್ಟಿ" ಎಂದೆ, ಪೆದ್ದನಂತೆ.

"ಹೌದ್ರಿ. ಕೌದಿ ಮುಚ್ಚೂ ಮುಂಚೆ ಅದಕ್ಕ ಉಣಸ್ತೀವಿ. ಉಪವಾಸ ಇದ್ದ ಕೌದಿ ಯಾರ ಮೈಮ್ಯಾಲೂ ಹಾಕೂದಿಲ್ಲ. ನಿಮ್ಮನ್ಯಾಗೂ ಕನ್ನಡ ಮಾತಾಡ್ತೀರಿ, ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಕಾಚಿಗೂಡದ ನಮ್ಮ ಮನೆಯಲ್ಲಿ ಅಂಗಡಿಯ ಕಂಬಳಿಗಳಿದ್ದವು.

"ಮೊದಲೇ ಏಕೆ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ."

ಅದು ನಿಜ. ಈಗಲೂ ಅದನ್ನೇ ಹೇಳಬೇಕಾಗಿತ್ತು. ಹಾಸಿಗೆಯ ಹೊದಿಕೆಯಲ್ಲಿ ಆಹಾರವಿದ್ದರೆ ಹುಳು ಬೀಳುತ್ತದೆ. ಹೋಟೆಲಿನವರು ನಲವತ್ತನ್ನೂ ಹಿಂದಿರುಗಿಸುತ್ತಾರೆ. ವರದಿಯಲ್ಲಿ ನಾನು ಸುಳ್ಳು ಬರೆಯಲಾರೆ. ಹಾಗೆಂದೇ ಹೇಳಿದೆ. ಆಕೆಯ ಮುಖ ಕಂದಿತು. ಆದರೆ ಬಗ್ಗಲಿಲ್ಲ.

"ಮೊದಲು ಆ ಫೋಟೋ ತೋರಸ್ರಿ. ಆಮ್ಯಾಲೆ ಹುಳದ ಮಾತು."

ಫೋನನ್ನು ಕೊಡಲು ನನಗೆ ಮನಸ್ಸಿರಲಿಲ್ಲ; ಕೊಟ್ಟೆ. ಆಕೆ ಒಂದೊಂದಾಗಿ ಸರಿಸಿದಳು. ಮೊದಲ ಹನ್ನೆರಡು ಚಿತ್ರಗಳಲ್ಲಿ ಹೊಲಿಗೆ ಸ್ಪಷ್ಟವಾಗಿತ್ತು, ಪಕ್ಕದಲ್ಲಿ ಅಳತೆಪಟ್ಟಿಯೂ ಇತ್ತು. ಮುಂದಿನವುಗಳಲ್ಲಿ ಅಳತೆಪಟ್ಟಿ ಇರಲಿಲ್ಲ. ಹೊಲಿಗೆ ಮಸುಕು; ಸೂಜಿ ಹಿಡಿದ ಕೈ ಮಾತ್ರ ಸ್ಪಷ್ಟ. ಎಲ್ಲದರಲ್ಲೂ ಒಂದೇ ಕೈ.

ಆಕೆ ಚಿತ್ರದ ಕೈಯನ್ನೂ ತನ್ನ ಕೈಯನ್ನೂ ನೋಡಿದಳು. ಕಿವಿಯ ತುದಿ ಕೆಂಪಾಯಿತು.

"ಇವನ್ನ ಮಷಿನ್ನಿನವರು ತಗೊಂಡು ಏನ್ ಮಾಡ್ತಾರ?" ಎಂದಳು, ಸಣ್ಣ ದನಿಯಲ್ಲಿ.

ಊಟ ಮುಗಿಸಿ ಬಂದ ಸಾಬಮ್ಮನಿಗೆ ವಿಷಯವೆಲ್ಲ ತಿಳಿಯಿತು. ರೊಟ್ಟಿಯ ಬದಲು ಬೇರೆ ಏನಾದರೂ ಉಣಿಸಬಹುದೇ ಎಂದು ಕೇಳಿದೆ: ಹುಳು ತಿನ್ನದ್ದು, ಕೊಳೆಯದ್ದು, ಉದಾಹರಣೆಗೆ, ಬಟ್ಟೆಯ ತುತ್ತು.

ಸಾಬಮ್ಮ ಯೋಚಿಸಿದಳು. "ಉಣಸಬಹುದು. ಆದ್ರ ಈ ಗೋಡೌನಿನ ಹೊಸ ಬಟ್ಟಿ ಬ್ಯಾಡ. ಮನಿಷ್ಯಾರು ಉಟ್ಟಿದ್ದು ಇರಬೇಕು. ಉಟ್ಟ ಬಟ್ಟ್ಯಾಗ ಮಮತಾ ಇರ್ತೈತಿ."

ಮರುದಿನ ನನ್ನ ನೀಲಿ ಅಂಗಿಯನ್ನು ತಂದು ಉಮಾಶ್ರೀಯ ಮುಂದಿಟ್ಟೆ.

"ಯಾರದ್ರಿ?"

"ನನ್ನದು. ಎಪ್ಪತ್ತು ಡಿಗ್ರಿ ನೀರಿನಲ್ಲಿ ಎರಡು ಸಲ ಒಗೆದಿದ್ದೇನೆ."

"ಮಮತಾ ಎಲ್ಲಾ ಕುದಿಸಿ ತಗದ್ರೇನು?" ಎಂದು ಆಕೆ ಮೊದಲ ಬಾರಿಗೆ ಬಾಯ್ತುಂಬ ನಕ್ಕಳು. ಅಂಗಿಯನ್ನು ಹರವಿ ರೊಟ್ಟಿಯಂತೆ ಪುಟ್ಟ ಪುಟ್ಟ ವೃತ್ತಗಳಾಗಿ ಕತ್ತರಿಸಿದಳು. ಆಮೇಲೆ, ಯಾರನ್ನೂ ನೋಡದೆ, ತಾನು ಹೊದೆಯುತ್ತಿದ್ದ ಹಳೆಯ ಹತ್ತಿಯ ಓಢಣಿಯನ್ನೂ ಚೀಲದಿಂದ ತೆಗೆದು ಕತ್ತರಿಸಿದಳು. ಒಂದೊಂದು ಮೂಲೆಗೂ ಎರಡೆರಡು ತುತ್ತು, ಜೋಡಿಯಾಗಿ. ಹೆಂಗಸರು ನಲವತ್ತು ಮೂಲೆಗಳನ್ನು ಬಿಚ್ಚಿ ಮತ್ತೆ ಹೊಲಿಯಲು ಮೂರು ದಿನ ಹಿಡಿಯಿತು.

ಹೋಟೆಲಿನ ಅಧಿಕಾರಿ ಬಂದು, ನನ್ನ ವರದಿಯ 'ಒಳಗಿನ ವಸ್ತು' ಎಂಬ ಕಾಲಮಿನಲ್ಲಿದ್ದ 'ಧರಿಸಿದ ಹತ್ತಿ ಬಟ್ಟೆ, ಎರಡು ತುಣುಕು' ಎಂಬುದನ್ನು ಎರಡು ಸಲ ಓದಿ ಕಾರಣ ಕೇಳಿದರು. ಸಾಬಮ್ಮ ವಿವರಿಸಿದಳು. ಅವರು ಸಹಿ ಹಾಕಿ, ಇನ್ನೂ ಅರವತ್ತು ಬೇಕೆಂದರು.

ನಾನು ಸೀಳಿದ್ದ ಕೌದಿ ಒಳಕೋಣೆಯಲ್ಲಿ ಹಾಗೆಯೇ ಉಳಿದಿತ್ತು. ಎಲ್ಲರೂ ಹೋದ ಮೇಲೆ ಉಮಾಶ್ರೀ ಅದನ್ನು ನನ್ನ ಮಡಿಲಿಗೆ ಹಾಕಿ ಸೂಜಿ ಕೊಟ್ಟಳು.

"ಕೊಯ್ದವರೇ ಹೊಲೀರಿ."

ಹೊಲಿದೆ. ಒಂದು ಹೊಲಿಗೆ ನಾಲ್ಕು ಮಿಲಿಮೀಟರ್, ಮುಂದಿನದು ಒಂಬತ್ತು. ಆಕೆ ಪಕ್ಕದಲ್ಲಿ ಕುಳಿತು ಗಂಭೀರವಾಗಿ ಪರೀಕ್ಷಿಸಿದಳು.

"ನಿಮ್ಮ ರೂಲ್ ಪ್ರಕಾರ ಇದು ಪಾಸೇನು?"

"ಫೇಲ್."

"ಹಂಗಾದ್ರ ಮಾರಾಕ ಬರೂದಿಲ್ಲ." ಆಕೆ ಕೌದಿಯ ಅಂಚನ್ನು ಸವರಿದಳು. "ಯಾರ ಮನ್ಯಾಗ ಇರಬೇಕಿದು?"

"ನಮ್ಮ ಮನೆಯಲ್ಲಿ. ನೀವೂ ಬರುವುದಾದರೆ."

ಆಕೆಯ ಕಣ್ಣಿನಲ್ಲಿ ಹಳೆಯ ಸಂಶಯ ಸುಳಿಯಿತು. "ನಿಮ್ಮವ್ವಗ ಏನಂತ ಹೇಳ್ತೀರಿ?"

"ಹೇಳಿ ಆಯಿತು. ಒಳ್ಳೆಯ ಅಂಗಿಯನ್ನು ಏಕೆ ಒಯ್ಯುತ್ತೀ ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ."

"ಏನಂದ್ರು?"

"ಆಕೆಯನ್ನೊಮ್ಮೆ ಕರೆದುಕೊಂಡು ಬಾ ಎಂದಳು."

"ಖರೇನ?"

"ಬೇಕಾದರೆ ಪರೀಕ್ಷಿಸಿ."

ಉಮಾಶ್ರೀ ಎದ್ದು ಚಪ್ಪಲಿ ಮೆಟ್ಟಿದಳು. "ನಡೀರಿ ಮತ್ತ. ಕಾಚಿಗೂಡದ ಬಸ್ ಎಷ್ಟಕ್ಕ ಐತಿ?"