ಒಂದು ಗೇಣಿನ ಸೇಡು

2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹುಣಸೂರಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಬೇವಿನ ನೆರಳಿನಲ್ಲಿ ಬೃಂದಾ ತನ್ನ ಸರದಿಗಾಗಿ ಕಾಯುತ್ತಿದ್ದಳು. ಎದುರಿನ ಬೆಂಚಿನಲ್ಲಿ ಗೌರೀಶ್ ಕೂತಿದ್ದ. ಅವನ ಮುಖದಲ್ಲಿ ನಗು ಇತ್ತು. ಆ ನಗು ಇನ್ನೆಷ್ಟು ನಿಮಿಷ ಬಾಳುತ್ತದೆ ಎಂದು ಅವಳಿಗೆ ಹೆಚ್ಚುಕಡಿಮೆ ಗೊತ್ತಿತ್ತು.

ಅವನಿಗೆ ಇಷ್ಟವೆಂದು ಹಿಂದೊಮ್ಮೆ ಹೇಳಿದ್ದ ಗಿಳಿಹಸಿರು ಚೂಡಿದಾರ್ ಹಾಕಿಕೊಂಡು ಬಂದಿದ್ದಳು. ಬೇಕೆಂದೇ.

"ಏನೇ, ಸೇಡು ತೀರ್ಸ್ಕೊಳಕ್ ಬಂದಿದೀಯೋ, ಹೆಣ್ ತೋರ್ಸೋ ಶಾಸ್ತ್ರಕ್ ಬಂದಿದೀಯೋ?" ಪಕ್ಕದಲ್ಲಿದ್ದ ಮಂಗಳಾ ಕಿವಿಯಲ್ಲಿ ಕೇಳಿದಳು. ಕಾಲೇಜಿನ ತಂಡದಲ್ಲಿ ಜೊತೆಗೆ ಆಡಿದವಳು. ಬೃಂದಾಳ ಹೊಟ್ಟೆಯೊಳಗಿನದೆಲ್ಲ ಅವಳೊಬ್ಬಳಿಗೇ ಗೊತ್ತು.

"ಎರಡಕ್ಕೂ ಇದೊಂದೇ ಬಟ್ಟೆ ಸಾಕು ಬುಡು."

ಹಳೆಯ ಆಟಗಾರರ ಈ ಬಳಗಕ್ಕೆ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಇಬ್ಬರು ಎದ್ದು ನಿಂತು ವಾದ ಮಾಡಬೇಕು. ಕೇಳಿದವರು ಎರಡು ಹೆಲ್ಮೆಟ್‌ಗಳಲ್ಲಿ ಹುಣಸೆಬೀಜ ಹಾಕಿ ಗೆದ್ದವರನ್ನು ಆರಿಸಬೇಕು. ಸೋತವರು ಒಂದು ವರ್ಷ ಪೂರ್ತಿ, ಪ್ರತಿ ಭಾನುವಾರ ಬೆಳಿಗ್ಗೆ, ಎಲ್ಲರಿಗಿಂತ ಮೊದಲು ಬಂದು ಈ ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು.

ಈ ವರ್ಷದ ಪ್ರಶ್ನೆ: ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಲ್ಲಿಯವರೆಗೆ ಆಡಿದವರ ಪೈಕಿ, ಆಟವನ್ನೇ ಅಂಗೈಯಲ್ಲಿ ಹಿಡಿದು ಆಳಿದವನು ಯಾರು? ಈ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಟ್ಟವಳು ಬೃಂದಾ. ಗೌರೀಶ್ ಯಾರ ಹೆಸರು ಹೇಳುತ್ತಾನೆ, ಯಾವ ಕಾರಣ ಕೊಡುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಕಾಲೇಜಿನ ದಿನಗಳಿಂದ ಅವನದು ಅದೇ ಪಾಠ.

ಕಳೆದ ಭಾನುವಾರ ಗೌರೀಶನ ಮನೆಯವರು ಹೆಣ್ಣು ಕೇಳಿಕೊಂಡು ಅವಳ ಮನೆಗೆ ಬಂದಿದ್ದರು. ಹುಡುಗ ಲೈಸೆನ್ಸ್ ಸರ್ವೆಯರ್. ಇಡೀ ತಾಲ್ಲೂಕಿನ ಹೊಲದ ಗಡಿ ಅಳೆಯುವವನು. ಹುಡುಗಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. "ಮುಂದಿನ್ ಭಾನ್ವಾರ ಸಂಜೆಯೊಳ್ಗೆ ಹೂಂ ಅನ್ನು, ಇಲ್ಲ ಉಹೂಂ ಅನ್ನು. ಮುಖ ಮಾತ್ರ ಅಂಗೆ ಇಟ್ಕೊಬ್ಯಾಡ," ಎಂದಿದ್ದಳು ಅವ್ವ. ಬೃಂದಾ ಉಹೂಂ ಎನ್ನುವುದೆಂದು ನಿರ್ಧರಿಸಿ ಆಗಿತ್ತು. ಆದರೆ ಅದಕ್ಕೆ ಮೊದಲು ಇಷ್ಟು ಜನರ ಎದುರು ಅವನ ಬಾಯಿಂದ ಒಂದು ಸತ್ಯ ಹೊರಡಬೇಕಿತ್ತು. ಅದಕ್ಕಾಗಿ ಅವಳು ಏಳು ವರ್ಷ ಕಾದಿದ್ದಳು. ಪ್ರತಿ ಭಾನುವಾರ ಇದೇ ಕೋರ್ಟಿಗೆ ಬಂದು, ಅವನ ತಮಾಷೆಗೆ ನಕ್ಕು, ಅವನು ಕದ್ದು ನೋಡಿದಾಗ ನೋಡಿಸಿಕೊಂಡು ಕಾದಿದ್ದಳು. ಹಗೆಯನ್ನು ದೂರ ಇಟ್ಟರೆ ಆರಿಹೋಗುತ್ತದೆ. ಒಲೆಯ ಪಕ್ಕದಲ್ಲಿಟ್ಟರೆ ಬೆಚ್ಚಗೆ ಉಳಿಯುತ್ತದೆ.

"ಸುರು ಮಾಡ್ಲಾ ಗೌರೀಶ," ಎಂದರು ಗುರುಮಲ್ಲಪ್ಪ ಮೇಷ್ಟ್ರು. ನಿವೃತ್ತ ಪಿ.ಟಿ. ಮೇಷ್ಟ್ರು, ಅಲ್ಲಿದ್ದ ಅರ್ಧ ಜನಕ್ಕೆ ಚೆಂಡು ಹಿಡಿಯುವುದನ್ನು ಕಲಿಸಿದವರು. "ನಿನ್ ಮಾತು ಮುಗುದ್ಮೇಲೆ ಆ ಮಗಳು ನಿನ್ನ ಬುಡಾಕಿಲ್ಲ. ಈಗ್ಲೇ ನೀರ್ ಕುಡ್ಕೊ."

ಗೌರೀಶ್ ಎದ್ದ. "ವಿಲ್ಟ್ ಚೇಂಬರ್ಲೇನ್," ಎಂದ. "ಒಂದೇ ಮ್ಯಾಚಲ್ಲಿ ನೂರು ಪಾಯಿಂಟ್. 1962ರ ಮಾರ್ಚ್ 2."

"ಆ ದೈತ್ಯ ಆಟಗಾರ ಶಾಕ್, ರಿಂಗಿನ ಬೋರ್ಡನ್ನೇ ಮುರ್ದಾಕವ್ನೆ ಕಣ್ರೀ!" ಹಿಂದಿನಿಂದ ಯಾರೋ ಕೂಗಿದರು. "ಜೋರ್ಡನ್ ಆರ್ ಕಪ್ ಎತ್ತವ್ನೆ, ಅವ್ನ್ ಎಲ್ಗೋದ?" ಎಂದು ಇನ್ನೊಬ್ಬರು.

"ಬೋರ್ಡ್ ಮುರಿಯೋದು ರಿಪೇರಿ ಖರ್ಚು ಅಷ್ಟೇ ಕಣ್ರಪ್ಪ," ಎಂದ ಗೌರೀಶ್. ಜನ ನಕ್ಕರು. "ಆ ಸೀಸನ್ನಿನಲ್ಲಿ ವಿಲ್ಟ್‌ನ ಸರಾಸರಿ ಮ್ಯಾಚಿಗೆ 50.4 ಪಾಯಿಂಟ್. ಮ್ಯಾಚ್ ಇರೋದು ನಲವತ್ತೆಂಟು ನಿಮಿಷ. ಅವನು ಆಡಿದ್ದು ಸರಾಸರಿ ನಲವತ್ತೆಂಟೂವರೆ ನಿಮಿಷ, ಎಕ್ಸ್‌ಟ್ರಾ ಟೈಮ್ ಸೇರಿ. ಅಂದ್ರೆ ಕೂತಿದ್ದೇ ಇಲ್ಲ. ಆದ್ರೆ ನನ್ನ ಸಾಕ್ಷಿ ಇದ್ಯಾವುದೂ ಅಲ್ಲ. ಅವನನ್ನ ತಡೆಯೋಕಾಗದೆ 1964ರಲ್ಲಿ ರಿಂಗಿನ ಕೆಳಗಿನ ಜಾಗದ ಗೆರೆಯನ್ನೇ ಹನ್ನೆರಡು ಅಡಿಯಿಂದ ಹದಿನಾರು ಅಡಿಗೆ ಸರಿಸಿದ್ರು. ಒಬ್ಬ ಮನುಷ್ಯನಿಗೋಸ್ಕರ ಗೆರೆ ಬದಲಾಯ್ತು. ಯಾರಿಗೋಸ್ಕರ ಗೆರೆ ಸರಿಯುತ್ತೋ ಅವನೇ ದೊಡ್ಡವನು."

ಹೇಳಿ ಮುಗಿಸುವಾಗ ಅವನು ಬೃಂದಾಳನ್ನು ನೋಡಿದ. ಹುಬ್ಬು ತುಸು ಏರಿತ್ತು: ಈಗ ಏನ್ಮಾಡ್ತೀಯ? ಅವಳು ರೆಪ್ಪೆ ಇಳಿಸಿ, ಮತ್ತೆ ಎತ್ತಿ, ಅಷ್ಟೇ ಸಣ್ಣದಾಗಿ ನಕ್ಕಳು. ಹುಬ್ಬು ಏರಿದ ಜಾಗದಲ್ಲೇ ನಿಂತುಬಿಟ್ಟಿತು.

"ಗೌರೀಶ್ ಅವರೇ," ಎಂದಳು. ಕಾಲೇಜಿನಲ್ಲಿ ‘ಲೋ’ ಎನ್ನುತ್ತಿದ್ದವಳು ಏಳು ವರ್ಷದಿಂದ ‘ಅವರೇ’ ಎನ್ನುತ್ತಿದ್ದಳು. ಜನ ಅದನ್ನು ನಾಚಿಕೆ ಎಂದುಕೊಂಡಿದ್ದರು. "ಆಳೋದು ಅಂದ್ರೆ ಗೆಲ್ಲೋದು. ಬಿಲ್ ರಸೆಲ್ ಹದಿಮೂರು ಸೀಸನ್ ಆಡಿ ಹನ್ನೊಂದು ಸಲ ಚಾಂಪಿಯನ್ ಆದ. ಅದರಲ್ಲಿ ಒಂಬತ್ತು ಸಲ ನಿಮ್ಮ ವಿಲ್ಟ್ ಎದುರಿಗಿರುವಾಗಲೇ. ವಿಲ್ಟ್ ಪಾಯಿಂಟ್ ಲೆಕ್ಕ ಇಟ್ಟ, ರಸೆಲ್ ಮ್ಯಾಚ್ ಮನೆಗೆ ತಗೊಂಡು ಹೋದ. ಇದು ನನ್ನ ವಾದ. ಮುಗೀತು."

"ಇಷ್ಟೇಯ?" ಎಂದರು ಮೇಷ್ಟ್ರು.

"ಒಂದು ಪ್ರಶ್ನೆ ಬಾಕಿ ಇದೆ ಸರ್. ಗೆರೆ ಸರಿದರೆ ಯಾರೋ ದೊಡ್ಡವರಾಗ್ತಾರೆ ಅಂದ್ರಲ್ಲ ಇವರು. 2018ರ ಜನವರಿಯಲ್ಲಿ ಕೆ.ಆರ್. ನಗರದ ಗ್ರೌಂಡಿನಲ್ಲಿ ಮೂರು ಪಾಯಿಂಟಿನ ಗೆರೆ ಸರಿದಿತ್ತು. ಆವತ್ತು ಯಾರು ದೊಡ್ಡವರಾದ್ರು?"

ಬೇವಿನ ಒಂದು ಹಣ್ಣೆಲೆ ಹೆಲ್ಮೆಟ್ಟಿಗೆ ಬಿತ್ತು.

ಆ ಮ್ಯಾಚು ಅಲ್ಲಿದ್ದ ಎಲ್ಲರಿಗೂ ನೆನಪಿತ್ತು. ಅಂತರ ಕಾಲೇಜು ಫೈನಲ್. ಗೆದ್ದ ತಂಡದಿಂದ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಎದುರಾಳಿ ಐವತ್ತೊಂದು, ಇವರು ನಲವತ್ತೊಂಬತ್ತು. ಕೊನೆಯ ಸೆಕೆಂಡಿನಲ್ಲಿ ಬೃಂದಾ ರಿಂಗಿಗೆ ನೇರ ಎದುರಿನಿಂದ, ದೂರದಿಂದ ಎಸೆದ ಚೆಂಡು ಅಂಚನ್ನೂ ಸೋಕದಷ್ಟು ನಯವಾಗಿ ಬಲೆಗೆ ಬಿತ್ತು. ಮೂರು ಎಂದು ಎಲ್ಲರೂ ಕುಣಿದರು. ರೆಫರಿ ಎರಡು ಬೆರಳು ತೋರಿಸಿದರು. ಅವಳ ಕಾಲಿನ ತುದಿ ಗೆರೆಯ ಮೇಲಿತ್ತು. ಮ್ಯಾಚ್ ಸಮವಾಯಿತು, ಹೆಚ್ಚುವರಿ ಐದು ನಿಮಿಷದಲ್ಲಿ ಸೋತರು. ಬೃಂದಾ ಮತ್ತೆ ಯಾವ ಪಂದ್ಯವನ್ನೂ ಆಡಲಿಲ್ಲ.

ಆವತ್ತು ಸ್ವಯಂಸೇವಕನಾಗಿ ಗೆರೆ ಎಳೆದಿದ್ದವನು ಗೌರೀಶ್. ಆಗ ಅವನು ಅವಳ ಕ್ಲಾಸ್‌ಮೇಟ್. ಲೈಬ್ರರಿ ಮೆಟ್ಟಿಲ ಮೇಲೆ ಒಂದೇ ಪೊಟ್ಟಣದ ಕಡಲೆಕಾಯಿ ಹಂಚಿಕೊಂಡು ತಿನ್ನುತ್ತಿದ್ದವನು.

"ಮಾರನೇ ದಿನ ನಾನು ಲ್ಯಾಬಿನ ಟೇಪ್ ತಗೊಂಡು ಬಸ್ ಹತ್ತಿ ಅಲ್ಲಿಗೆ ಹೋದೆ," ಬೃಂದಾಳ ದನಿ ಪಾಠ ಹೇಳುವಾಗಿನಷ್ಟೇ ಸಮನಾಗಿತ್ತು. "ಸುಣ್ಣ ಇನ್ನೂ ಅಳಿಸಿರಲಿಲ್ಲ. ಹಗ್ಗ ಕಟ್ಟಿ ಗೆರೆ ಸುತ್ತಲು ಗೂಟ ಹೊಡೆದ ಗುಂಡಿ ರಿಂಗಿನ ಮಧ್ಯದ ಕೆಳಗೆ ಇರಬೇಕು. ಇರಲಿಲ್ಲ. ರಿಂಗಿನ ಮುಂದಿನ ಅಂಚಿನ ಕೆಳಗಿತ್ತು. ಆದ್ದರಿಂದ ಗೆರೆ ಪೂರ್ತಿ ಮುಂದಕ್ಕೆ, ನನ್ನ ಕಾಲಿನ ಕೆಳಕ್ಕೇ ಬಂದಿತ್ತು. ಇದು ತಪ್ಪು. ತಪ್ಪು ಯಾರಿಂದ ಬೇಕಾದರೂ ಆಗುತ್ತೆ. ಆದ್ರೆ ಅಲ್ಲಿ ಇನ್ನೊಂದು ಗುಂಡಿ ಇತ್ತು, ಸರಿಯಾಗಿ ಮಧ್ಯದಲ್ಲಿ. ಹಸಿ ಮಣ್ಣು. ಮ್ಯಾಚ್ ಆದಮೇಲೆ ಯಾರೋ ಬಂದು ಅಳೆದು ನೋಡಿದ್ರು. ನೋಡಿ ಸುಮ್ಮನಾದ್ರು. ಯಾರು ಅಂತ ನಾನು ಹೇಳಲ್ಲ. ಅವರೇ ಹೇಳಲಿ."

ಗೌರೀಶ್ ಬೆಂಚಿನ ಮೇಲೆ ಕೈ ಊರಿ ಎದ್ದ.

ಅವನು ಮರೆತಿದ್ದೇನೆ ಎನ್ನಬಹುದಿತ್ತು. ತಲೆ ತಿರುಗಿದಂತೆ ಮಾಡಬಹುದಿತ್ತು. ಬೃಂದಾ ಇವೆರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಫೋನಿನಲ್ಲಿ ಫೋಟೊಗಳಿದ್ದವು, ಟೇಪಿನ ಅಂಕಿ ಕಾಣುವ ಹಾಗೆ.

"ಇಪ್ಪತ್ತೆರಡೂವರೆ ಸೆಂಟಿಮೀಟರ್," ಎಂದ ಗೌರೀಶ್. "ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ರಿಂಗಿನ ಮಧ್ಯದಲ್ಲಿ ಇರೋದು ಗಾಳಿ, ಗಾಳಿಗೆ ದಾರ ಕಟ್ಟೋಕಾಗಲ್ಲ. ಮುಂದಿನ ಅಂಚಿಗೆ ಕಟ್ಟಿದೆ. ಆಮೇಲೆ ಅಷ್ಟು ಹಿಂದಕ್ಕೆ ಸರಿಸ್ಬೇಕಿತ್ತು, ಮರೆತೆ. ಸಂಜೆ ಗೊತ್ತಾಯ್ತು. ಎರಡನೇ ಗುಂಡಿ ನಾನೇ ತೋಡಿದ್ದು."

"ಯಾಕ್ಲಾ ಹೇಳ್ನಿಲ್ಲ?" ಮೇಷ್ಟ್ರು ಕೇಳಿದರು. "ಹೇಳಿದ್ರೆ ನಾನು ಅರ್ಜಿ ಕೊಟ್ಟು ಮ್ಯಾಚ್ ಮತ್ತೆ ಆಡುಸ್ತಿದ್ನಲ್ಲೋ!"

"ಮೊದಲನೇ ದಿನ ಹೆದರಿಕೆ ಸರ್." ಗೌರೀಶ್ ಮೇಷ್ಟ್ರ ಕಡೆ ತಿರುಗಲಿಲ್ಲ. ಅವಳನ್ನೇ ನೋಡುತ್ತಿದ್ದ. "ಎರಡನೇ ದಿನದಿಂದ ಹೆದರಿಕೆ ಅಲ್ಲ. ಸೆಲೆಕ್ಟ್ ಆಗಿದ್ರೆ ಇವಳು ಊರೂರು ತಿರುಗೋಕೆ ಹೋಗ್ತಿದ್ಲು. ಆಗಲಿಲ್ಲ, ಇಲ್ಲೇ ಉಳ್ಕೊಂಡ್ಲು. ನನಗೆ... ಒಳಗೊಳಗೇ ಸಂತೋಷ ಆಯ್ತು. ಆ ಸಂತೋಷಕ್ಕೇ ನಾನು ಬಾಯಿ ಮುಚ್ಕೊಂಡಿದ್ದು."

ಇದನ್ನು ಅವಳು ಊಹಿಸಿರಲಿಲ್ಲ. ಏಳು ವರ್ಷ ಪ್ರತಿ ಕೋನದಿಂದ ತಿರುಗಿಸಿ ನೋಡಿದ್ದ ಲೆಕ್ಕದಲ್ಲಿ ಈ ಒಂದು ಪದ ಇರಲೇ ಇಲ್ಲ. ಕೆನ್ನೆ ಸುಟ್ಟಂತಾಯಿತು. ಅದು ಕೋಪವೇ, ಹೊಸ ಕೋಪ. ಆದರೆ ಅದರ ಅಡಿಯಲ್ಲಿ ಬೇರೇನೋ ತಣ್ಣಗೆ ಹರಿದದ್ದು ಅವಳಿಗೆ ತಿಳಿಯಿತು. ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂತು.

"ಬೀಜ ಹಾಕೋದ್ ಬ್ಯಾಡ," ಎಂದರು ಮೇಷ್ಟ್ರು. "ಗೌರೀಶ ಸೋತ. ಒಂದ್ ವರ್ಷ ಗೆರೆ ಎಳೀಲಿ."

"ಬೇಡ ಸರ್," ಎಂದಳು ಬೃಂದಾ. "ಇವರ ಕೈಯಿಂದ ಇನ್ನೊಂದು ಗೆರೆ ಬೇಡ. ಇವತ್ತು ಸಂಜೆ ಇವರಿಗೆ ನಮ್ಮನೆಯಿಂದ ಒಂದು ಉತ್ತರ ಹೋಗಬೇಕಿದೆ. ಅಲ್ಲೀವರೆಗೂ ಕೂತು ಕಾಯೋದು ಬೇಡ. ಬಂದು ಈಸ್ಕೊಳ್ಳಲಿ." ಸ್ಕೂಟರಿನ ಕೀ ತೆಗೆದಳು. "ನಡ್ಕೊಂಡು."

ಅವಳ ಊರು ಹುಣಸೂರಿನಿಂದ ಕೋಟೆ ತಾಲ್ಲೂಕಿಗೆ ಹೋಗುವ ರಸ್ತೆಯಲ್ಲಿ, ಆರೇಳು ಕಿಲೋಮೀಟರ್ ದೂರದಲ್ಲಿತ್ತು. ಗೌರೀಶ್ ತನ್ನ ಬೈಕನ್ನು ಬೇವಿನ ಮರದ ಕೆಳಗೇ ಬಿಟ್ಟು ರಸ್ತೆಗಿಳಿದ. ಬೃಂದಾ ಸ್ಕೂಟರಿನ ದೂರ ಅಳೆಯುವ ಚಿಕ್ಕ ಮೀಟರನ್ನು ಸೊನ್ನೆಗೆ ತಂದು, ಅವನ ಪಕ್ಕದಲ್ಲಿ, ಅವನ ಹೆಜ್ಜೆಯ ವೇಗಕ್ಕೇ ಓಡಿಸಿದಳು. ಹನ್ನೊಂದೂವರೆಯ ಬಿಸಿಲು. ತಂಬಾಕಿನ ಎಲೆ ಒಣಗಿಸುವ ಬ್ಯಾರನ್ನುಗಳು ಈ ಸಲದ ಕೆಲಸ ಮುಗಿಸಿ ತಣ್ಣಗೆ ನಿಂತಿದ್ದವು.

ಟೀ ಅಂಗಡಿಯ ಎದುರು ಒಬ್ಬರು ಕೂಗಿದರು: "ಯಾಕ್ ಸರ್ವೇರೇ, ಬೈಕ್ ಕೆಟ್ಟೋಯ್ತ?"

"ಹೇಳಿ," ಎಂದಳು ಬೃಂದಾ.

ಗೌರೀಶ್ ನಿಂತು ಎಲ್ಲವನ್ನೂ ಹೇಳಿದ. ದಾರ, ಕಲ್ಲು, ಎರಡು ಗುಂಡಿ. ಕೊನೆಯದನ್ನು ನುಂಗಲು ನೋಡಿದ.

"ಸಂತೋಷದ್ದೂ ಹೇಳಿ."

ಅದನ್ನೂ ಹೇಳಿದ. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡಿದ.

ಮುಂದೆ ರೈಸ್‌ಮಿಲ್ಲಿನ ಹತ್ತಿರ ಇನ್ನೊಬ್ಬರಿಗೆ ಹೇಳಬೇಕಾಯಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಡಗಾಲಿನ ಚಪ್ಪಲಿ ಹಿಮ್ಮಡಿಯನ್ನು ಉಜ್ಜುತ್ತಿತ್ತು. ಅವನು ದೂರಲಿಲ್ಲ. ಒಂದು ಸಲ ಮಾತ್ರ, ಉಸಿರು ಹಿಡಿದು, "ಆದ್ರೂ ವಿಲ್ಟೇ," ಎಂದ.

"ರಸೆಲ್."

"ಒಂದೇ ಮ್ಯಾಚಲ್ಲಿ ಐವತ್ತೈದು ರಿಬೌಂಡ್ ಹಿಡ್ದಿದಾನೆ. ಅದೂ ನಿಮ್ಮ ರಸೆಲ್ ಎದುರಿಗೆ."

"ಆ ಮ್ಯಾಚ್ ಗೆದ್ದಿದ್ದು ಯಾರು?"

ಗೌರೀಶ್ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ರಸೆಲ್," ಎಂದ. ಬೃಂದಾ ಮುಖವನ್ನು ಹೊಲದ ಕಡೆ ತಿರುಗಿಸಿದಳು. ಬಾಯಂಚು ಮೇಲಕ್ಕೆ ಹೋಗುವುದನ್ನು ಅವನು ನೋಡಬಾರದಿತ್ತು.

ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿ, ವಾಹನ ಓಡಾಡಿ ಕಾಳು ಉದುರಲೆಂದು ಕಾದು ಕೂತಿದ್ದಳು ಚಿಕ್ಕಸಿದ್ದಮ್ಮ. ಬೃಂದಾಳ ಊರಿನ ಅಜ್ಜಿ. "ಯಾರವ್ವ ಇವ್ನು? ಬಿಸ್ಲಲ್ಲಿ ಹೋತನ್ನ ಹೊಡ್ಕೊಂಡು ಬಂದಂಗ್ ಬತ್ತಿದ್ದೀಯಲ್ಲ?"

ಗೌರೀಶ್ ಮೂರನೇ ಸಲ ಶುರು ಮಾಡಿದ. ಅಜ್ಜಿಗೆ ಬ್ಯಾಸ್ಕೆಟ್‌ಬಾಲ್ ತಿಳಿಯದು, ಸೆಂಟಿಮೀಟರೂ ತಿಳಿಯದು. "ಅಂದ್ರೆ ಎಷ್ಟ್ಲಾ?"

ಗೌರೀಶ್ ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದ.

"ಒಂದ್ ಗೇಣು! ಒಂದ್ ಗೇಣ್ಗೆ ಏಳ್ ವರ್ಸವ? ನಮ್ಮಟ್ಟೀಲಿ ಒಂದ್ ಗುಂಟೆಗೂ ಇಷ್ಟ್ ವರ್ಸ ಹಗೆ ಇಟ್ಕೊಂಡೋರಿಲ್ಲ ಕಣವ್ವ."

"ಗೇಣಿಗಲ್ಲ ಅಜ್ಜಿ. ಮುಚ್ಚಿಟ್ಟಿದ್ದಕ್ಕೆ."

"ಅವ್ನು ಗುಂಡಿ ಮುಚ್ಚಿಟ್ಟ. ನೀನು?" ಅಜ್ಜಿ ಮೊರ ಕೊಡವಿದಳು. "ಏಳ್ ವರ್ಸ ಗೊತ್ತಿದ್ದೂ ನಕ್ಕಂಡೇ ಇದ್ದೆ ಅಂತಾನಲ್ಲ ಇವ್ನು. ನಿಂದೂ ಏನ್ ಕಮ್ಮಿ ಗುಂಡಿಯ? ನಡೀರಿ, ನಡೀರಿ, ನನ್ ಹುರುಳಿ ತುಳೀಬ್ಯಾಡಿ."

ಮುಂದಿನ ತಿರುವು ಬಂತು. ಅವನ ಹೆಜ್ಜೆ ಈಗ ಒಂದು ಕಡೆ ವಾಲುತ್ತಿತ್ತು. ಹಿಮ್ಮಡಿಯಲ್ಲಿ ರಕ್ತ ಕಂಡಿತು. ಆ ರಕ್ತ ನೋಡಲೆಂದೇ ಕರೆತಂದಿದ್ದಳಲ್ಲವೇ ಅವಳು? ನೋಡಿದಳು. ತುಂಬ ಹೊತ್ತು ನೋಡಲಾಗಲಿಲ್ಲ.

ಸ್ಕೂಟರ್ ನಿಲ್ಲಿಸಿದಳು.

"ಲೋ."

ಗೌರೀಶ್ ತಿರುಗಿದ. ಏಳು ವರ್ಷದ ನಂತರ ಕೇಳಿದ ಆ ಒಂದು ಅಕ್ಷರಕ್ಕೆ ಅವನ ಕಣ್ಣು ತುಂಬಿತು. ಬೆವರೆಂದು ತೋರಿಸಲು ತೋಳಿನಿಂದ ಒರೆಸಿಕೊಂಡ.

"ಕ್ಷಮಿಸಿಲ್ಲ," ಎಂದಳು. "ಇನ್ನೂ ಎಷ್ಟು ದಿನ ಬೇಕೋ ಗೊತ್ತಿಲ್ಲ. ದಿನಾ ಒಂದೊಂದು ಸಲ ನೆನಪಿಸ್ತೀನಿ. ಊಟಕ್ಕೆ ಕೂತಾಗ ನೆನಪಿಸ್ತೀನಿ. ನಮ್ಮ ಮಕ್ಕಳಿಗೂ ಹೇಳ್ತೀನಿ."

"ನಮ್ಮ?" ಎಂದ ಗೌರೀಶ್, ಉಸಿರು ಸಾಲದೆ.

"ಅವ್ವನ ಹತ್ರ ನಾನೇ ಹೂಂ ಅಂತೀನಿ. ಇವತ್ತೇ. ನೀನು ಪಕ್ಕದಲ್ಲಿ ಸುಮ್ನೆ ನಿಂತಿರು. ಸುಮ್ಮನಿರೋದು ನಿನಗೆ ಚೆನ್ನಾಗಿ ಬರುತ್ತಲ್ಲ." ಹಿಂದಿನ ಸೀಟಿನ ಧೂಳನ್ನು ದುಪಟ್ಟಾದಿಂದ ಒಮ್ಮೆ ಕೊಡವಿದಳು. "ಹತ್ತು."

ಅವನು ಹತ್ತಿ ಕೂತ. ಎಲ್ಲಿ ಹಿಡಿದುಕೊಳ್ಳುವುದೆಂದು ತಿಳಿಯದೆ ಮೊದಲು ಸೀಟನ್ನು ಹಿಡಿದ. ಅವಳು ಕನ್ನಡಿಯಲ್ಲಿ ಅದನ್ನು ನೋಡಿ, ಬೇಕೆಂದೇ ಒಮ್ಮೆ ಜೋರಾಗಿ ಮುಂದಕ್ಕೆ ಎಳೆದು ಬ್ರೇಕ್ ಒತ್ತಿದಳು. ಅವನ ಕೈ ಅವಳ ಭುಜಕ್ಕೆ ಬಂತು. ಅಲ್ಲೇ ಉಳಿಯಿತು.

ಹೊರಡುವ ಮೊದಲು ಬೃಂದಾ ಮೀಟರಿನ ಮೇಲೆ ಬಗ್ಗಿ, ಬಿಸಿಲಿಗೆ ಅಂಗೈ ಮರೆ ಮಾಡಿ ಓದಿದಳು. ಗೌರೀಶ್ ನಡೆದದ್ದು 4.3 ಕಿಲೋಮೀಟರ್.